ಮೇಸ್ತ್ರಿಯೂ ಎಚ್‌ಆರ್‌ ಕೂಡ: ಪಾಲಮೂರು ಸೀಮೆಯ ಕೆಲವು ತಪ್ಪು ಕಲ್ಪನೆಗಳು

ತೆಲಂಗಾಣದ ಪಾಲಮೂರು ಸೀಮೆಯ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ಹುಡುಗ ಹುಡುಗಿಯರು ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಎಚ್‌ಆರ್‌ ಕೆಲಸಕ್ಕೆ ಸೇರಿದರೆ ಊರಲ್ಲಿ ಒಂದು ಕೊರಗಿನ ಮಾತು ಏಳುತ್ತದೆ: ಓದಿದ್ದೊಂದು, ಹಿಡಿದದ್ದೊಂದು. ಆದರೆ ಮಂದಿಯನ್ನು ಕೆಲಸಕ್ಕೆ ಕೂಡಿಸುವ ಕಸುಬು ಈ ಸೀಮೆಗೆ ಹೊಸದಲ್ಲ. ಆ ಕಸುಬಿಗೆ ಬಂದವರಲ್ಲಿ ಎಷ್ಟೋ ಜನ ಮೊದಲೇ ಯೋಚಿಸಿ ಬಂದವರೂ ಅಲ್ಲ. ಅದರ ಬಗೆಗಿನ ತಪ್ಪು ತಿಳಿವಳಿಕೆಗಳಲ್ಲಿ ಕೆಲವು ಬರೀ ಮಾತಿನವು, ಕೆಲವು ಬಡವರ ಕೂಲಿಗೆ ಕುತ್ತು ತರುವಂಥವು.

ತಪ್ಪು ಕಲ್ಪನೆ: ಎಚ್‌ಆರ್‌ ಎಂಬುದು ಸಾಫ್ಟ್‌ವೇರ್ ಕಂಪನಿಗಳ ಜೊತೆ ಬಂದದ್ದು.

ಸತ್ಯ: ಬ್ರಿಟಿಷರ ಕಾಲದ ಗಿರಣಿಗಳಲ್ಲಿ ಆಳು ಸೇರಿಸುವುದೂ ತೆಗೆಯುವುದೂ ಜಾಬರ್‌, ಮುಕಾದಮ, ಮೇಸ್ತ್ರಿ ಎಂದು ಕರೆಸಿಕೊಳ್ಳುತ್ತಿದ್ದವರ ಕೈಯಲ್ಲಿತ್ತು. ಕೆಲಸಕ್ಕೆ ಸೇರಲೂ ಅವರಿಗೆ ಕೊಡಬೇಕು, ಉಳಿಯಲೂ ಕೊಡಬೇಕು. ಕಾರ್ಮಿಕರ ಸ್ಥಿತಿಗತಿ ವಿಚಾರಿಸಲು 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ 1931ರ ವರದಿಯಲ್ಲಿ, ಆ ಅಧಿಕಾರವನ್ನು ಜಾಬರನಿಂದ ಬಿಡಿಸಿ ಲೇಬರ್ ಆಫೀಸರಿಗೆ ಕೊಡಬೇಕು ಎಂದಿತು. 1936ರಲ್ಲಿ ಮುಂಬೈಯಲ್ಲಿ ಶುರುವಾದ ಸಮಾಜಕಾರ್ಯದ ಶಾಲೆ, ಅಂದರೆ ಈಗಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಇಂಥ ಕೆಲಸಕ್ಕೆ ಜನರನ್ನು ತಯಾರು ಮಾಡಿತು. 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಕಲ್ಯಾಣ ಅಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಆಳು ತರುವವನ ದಬ್ಬಾಳಿಕೆಗೆ ಕಡಿವಾಣ ಹಾಕುವುದು, ಇಂದಿನ ಎಚ್‌ಆರ್‌ಗೆ ಮೂಲವಾದ ಈ ಹುದ್ದೆಗಳು ಹುಟ್ಟಿದ ಮುಖ್ಯ ಕಾರಣಗಳಲ್ಲಿ ಒಂದು. ಎಚ್‌ಆರ್‌ ಕುರ್ಚಿಯಲ್ಲಿ ಕೂತವರಿಗೇ ಇದು ಎಷ್ಟೋ ಸಲ ಗೊತ್ತಿರುವುದಿಲ್ಲ.

ತಪ್ಪು ಕಲ್ಪನೆ: ಮೇಸ್ತ್ರಿ ಎಂದರೆ ಹೊರಗಿನಿಂದ ಬಂದು ಊರನ್ನು ದೋಚುವ ದಲ್ಲಾಳಿ.

ಸತ್ಯ: ದೋಚಿದವರು ಇದ್ದಾರೆ, ಆದರೆ ಹೊರಗಿನವರೆಂಬುದು ಬಹುಮಟ್ಟಿಗೆ ಸುಳ್ಳು. ಮಹಬೂಬನಗರದ ಹಳೆಯ ಹೆಸರು ಪಾಲಮೂರು. ಅಣೆಕಟ್ಟು, ಕಾಲುವೆ ಕಟ್ಟಿಸುವವರಿಗೆ ‘ಪಾಲಮೂರು ಲೇಬರ್’ ಎಂದರೆ ದೇಶದ ಉದ್ದಗಲಕ್ಕೂ ಗೊತ್ತು. ಆ ಕೂಲಿಯವರನ್ನು ಒಯ್ಯುವ ಏರ್ಪಾಟಿನಲ್ಲಿ ಕಂಟ್ರಾಕ್ಟರನ ಕೆಳಗೆ ಮೇಸ್ತ್ರಿ, ಅವನ ಕೆಳಗೆ ಗುಂಪು ಮೇಸ್ತ್ರಿ. ಗುಂಪು ಮೇಸ್ತ್ರಿ ಸಾಮಾನ್ಯವಾಗಿ ಅದೇ ಊರಿನವನು, ಮೊದಲು ತಾನೇ ಮಣ್ಣಿನ ಬುಟ್ಟಿ ಹೊತ್ತವನು. ನಾಲ್ಕಕ್ಷರ ಬಂದರೆ ಹಾಜರಿ ಬರೆಯಲು ಕೂರಿಸುತ್ತಾರೆ. ಕನ್ನಡ, ತೆಲುಗು ಎರಡೂ ಬಾಯಲ್ಲಿವೆ, ಹಿಂದಿ ಸೈಟಿನಲ್ಲೇ ಕಲಿತದ್ದು. ಮುಂದಿನ ಸುಗ್ಗಿ ಮುಗಿಯುವ ಹೊತ್ತಿಗೆ “ನಿಮ್ಮೂರಾಗಿಂದ ಇನ್ನೂ ಇಪ್ಪತ್ ಮಂದೀನ್ನ ಕರ್ಕೊಂಡ್ ಬಾರಪ್ಪ” ಎಂಬ ಮಾತು ಬರುತ್ತದೆ. ಅವನು ಈ ಕಸುಬಿಗೆ ಬಂದ ದಾರಿ ಅಷ್ಟೇ. ಯಾರ ಜೊತೆ ಯಾರಿಗೆ ಹೊಂದುತ್ತದೆ, ಯಾರ ಮನೆಯಲ್ಲಿ ಮುದುಕರು ಒಬ್ಬರೇ ಉಳಿಯುತ್ತಾರೆ, ಯಾವ ಬಾಣಂತಿಯನ್ನು ಕರೆಯಬಾರದು ಎಂಬುದೆಲ್ಲ ಅವನಿಗೆ ತಿಳಿದಿರಬೇಕು. ಇದು ನಿಜವಾದ ಜಾಣ್ಮೆ, ಅದನ್ನು ಕೀಳಾಗಿ ಕಾಣಬಾರದು. ಆದರೆ ಲೆಕ್ಕದ ಪುಸ್ತಕವೂ ಅವನೊಬ್ಬನ ಕೈಯಲ್ಲೇ ಉಳಿದಾಗ ಅದೇ ಜಾಣ್ಮೆ ಊರವರಿಗೇ ತಿರುಗಿಬಿತ್ತು.

ಗುಳೆ ಹೋಗುವವರು ಊರಲ್ಲಿ ದುಡಿಯಲಾರದ ಸೋಮಾರಿಗಳು ಎಂಬ ಮಾತನ್ನೂ ಕೇಳಿದ್ದೇನೆ. ಕೃಷ್ಣೆ ತೆಲಂಗಾಣಕ್ಕೆ ಕಾಲಿಡುವುದೇ ಮಕ್ತಲ್ ಸೀಮೆಯಲ್ಲಿ. ಗದ್ವಾಲ, ಆಲಂಪುರ ಇರುವುದು ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡದಲ್ಲಿ. ಎರಡು ಹೊಳೆ ಪಕ್ಕದಲ್ಲಿದ್ದೂ ಬಹುಕಾಲ ಮಳೆಯನ್ನೇ ನೆಚ್ಚಿದ ಹೊಲಗಳವರು ಪರವೂರಿನ ನೀರಾವರಿ ಕಟ್ಟಲು ಹೋದರು. ಅವರನ್ನು ಸೋಮಾರಿಗಳೆನ್ನುವುದು ಅನ್ಯಾಯ.

ತಪ್ಪು ಕಲ್ಪನೆ: ಮುಂಗಡ ಇಸಕೊಂಡ ಮೇಲೆ ಕೆಲಸ ಬಿಡುವ ಹಾಗಿಲ್ಲ.

ಸತ್ಯ: ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಇದು. ಮುಂಗಡದ ನೆಪದಲ್ಲಿ ಆಳನ್ನು ಕಟ್ಟಿಹಾಕಿ ಬೇರೆ ಕಡೆ ದುಡಿಯದಂತೆ ತಡೆದರೆ ಅದು ಜೀತ. 1976ರ ಜೀತ ನಿರ್ಮೂಲನ ಕಾಯ್ದೆ ಅಂಥ ಸಾಲವನ್ನೇ ರದ್ದು ಮಾಡಿದೆ. ದಿಲ್ಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಹೊರರಾಜ್ಯಕ್ಕೆ ಐದು ಅಥವಾ ಹೆಚ್ಚು ಜನರನ್ನು ಒಯ್ಯುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು, ಕಾರ್ಮಿಕನಿಗೆ ಅವನ ಭಾಷೆಯಲ್ಲೂ ಇರುವ ಫೋಟೊ ಸಹಿತ ಪಾಸ್‌ಬುಕ್ ಕೊಡಬೇಕು ಎಂದು 1979ರ ಕಾಯ್ದೆ ಹೇಳಿತ್ತು. ಹಳೆಯ ಹಲವು ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ನವೆಂಬರ್ 2025ರಿಂದ ಹೊಸ ಸಂಹಿತೆಗಳು ಬಂದಿವೆ. ಅವುಗಳಲ್ಲಿ ನೇಮಕಾತಿ ಪತ್ರ ಕೊಡಬೇಕೆಂಬ ಮಾತಿದೆ.

ತಪ್ಪು ಕಲ್ಪನೆ: ಎಂಬಿಎ ಮಾಡದವರಿಗೆ ಈ ಕೆಲಸ ಸಿಗುವುದಿಲ್ಲ.

ಸತ್ಯ: ಕಾರ್ಖಾನೆಯ ಕಲ್ಯಾಣ ಅಧಿಕಾರಿಗೆ ನಿಯಮಗಳು ವಿದ್ಯಾರ್ಹತೆ ಗೊತ್ತು ಮಾಡಿವೆ. ನೇಮಕಾತಿ ಮಾಡುವವರೆಲ್ಲರಿಗೂ ಅಂಥ ನಿಯಮವಿಲ್ಲ. ಗಡಿಯೂರಲ್ಲಿ ಬೆಳೆದು ಎರಡು ಮೂರು ಭಾಷೆ ಆಡುವವರು ಅಭ್ಯರ್ಥಿಯ ಜೊತೆ ಅವರ ಮಾತಿನಲ್ಲೇ ಮಾತಾಡಬಲ್ಲರು. ಅದೇನು ಸಣ್ಣ ಬಂಡವಾಳವಲ್ಲ. ಆದರೆ ಕೂಲಿ, ಪಿಎಫ್, ಇಎಸ್‌ಐ ಕಾನೂನುಗಳನ್ನು ಮಾತ್ರ ಕೂತು ಓದಿಯೇ ಕಲಿಯಬೇಕು.

ಈ ಕಸುಬಿಗೆ ಆಕಸ್ಮಿಕವಾಗಿ ಬಂದಿರುವ ನಮ್ಮ ಕಡೆಯ ಮಕ್ಕಳಲ್ಲಿ ನನ್ನದೊಂದು ಕೋರಿಕೆ: ನೀವು ಕರೆತಂದ ಪ್ರತಿಯೊಬ್ಬರ ಕೈಗೆ ಕೂಲಿ, ಕೆಲಸದ ಹೊತ್ತು, ಮುಂಗಡದ ಲೆಕ್ಕ ಬರೆದ ಚೀಟಿಯನ್ನು ಅವರು ಓದಬಲ್ಲ ಭಾಷೆಯಲ್ಲಿ ಕೊಡಿಸಿ. ಓದು ಬಾರದವರಿಗೆ ನೀವೇ ಕೂತು ಓದಿ ಹೇಳಿ.