ಹಟ್ಟಿಯ ಚಿನ್ನ: ತೆಗೆಯುವವರೊಬ್ಬರು, ಬೆಲೆ ಕಟ್ಟುವವರೊಬ್ಬರು

ದೇವಾನಾಂಪ್ರಿಯನೆಂಬ ಬಿರುದಿನ ಮರೆಯಲ್ಲಿದ್ದ ಅಶೋಕನ ಹೆಸರನ್ನು ಸ್ಪಷ್ಟವಾಗಿ ನುಡಿಯುವ ಮಸ್ಕಿಯ ಶಿಲಾಶಾಸನವನ್ನು 1915ರಲ್ಲಿ ಬೆಳಕಿಗೆ ತಂದವನು ಇತಿಹಾಸಜ್ಞನಲ್ಲ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ರಾಯಚೂರು ಸೀಮೆಯಲ್ಲಿ ಇದೇನೂ ವಿಚಿತ್ರವಲ್ಲ. ಅಲ್ಲಿ ಇತಿಹಾಸವೂ ಸುವರ್ಣವೂ ಒಂದೇ ಮಣ್ಣಿನಲ್ಲಿ ಹುದುಗಿವೆ. ಮಸ್ಕಿಯಂತೆಯೇ ಲಿಂಗಸೂಗೂರಿನ ಆಸುಪಾಸಿನಲ್ಲಿರುವ ಹಟ್ಟಿಯಲ್ಲಿ, ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರೆದು ಸೀಳುವ ಉಪಾಯವೊಂದನ್ನೇ ನೆಚ್ಚಿ, 600 ಅಡಿಗೂ ಕೆಳಗಿಳಿದಿದ್ದ ಪ್ರಾಚೀನರ ಅಗೆತಗಳನ್ನು ಕಂಡು ಆಧುನಿಕ ಗಣಿ ತಜ್ಞರೂ ಬೆರಗಾಗಿದ್ದಾರೆ.

ಇಂದಿನ ಸಂಸ್ಥೆ 1947ರಲ್ಲಿ ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿಯೆಂದು ಹುಟ್ಟಿ, 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯ ಮೈಸೂರು ರಾಜ್ಯಕ್ಕೆ ಸೇರಿ, ಹಟ್ಟಿಯ ಹೆಸರನ್ನು ಪಡೆಯಿತು. 2001ರ ಫೆಬ್ರವರಿ 28ರಂದು ಕೋಲಾರದ ಗಣಿಗಳು ಮುಚ್ಚಿದ ಮೇಲೆ, ದೇಶದಲ್ಲಿ ಚಿನ್ನದ ಅದಿರನ್ನೇ ನೆಚ್ಚಿ ನಡೆಯುವ ಗಣ್ಯವಾದ ಗಣಿಯೆಂದರೆ ಇದೊಂದೇ ಎಂಬ ಸ್ಥಿತಿ ಬಹುಕಾಲ ಉಳಿಯಿತು.

ಹಟ್ಟಿಯ ಮಲ್ಲಪ್ಪ ಶಾಫ್ಟಿನಿಂದ ಮೇಲಕ್ಕೆ ಬರುವ ಅದಿರನ್ನು ಅಂಗೈಯಲ್ಲಿಟ್ಟು ನೋಡುವವನಿಗೆ ಹೊಗೆ ಹಿಡಿದಂತಿರುವ ಬೆಣಚುಕಲ್ಲೂ ಅದರ ನಡುವೆ ಸಣ್ಣಗೆ ಮಿನುಗುವ ಗಂಧಕದ ಖನಿಜಗಳೂ ಕಾಣುತ್ತವೆಯಲ್ಲದೆ ಚಿನ್ನ ಕಾಣುವುದಿಲ್ಲ. ಮಿನುಗುವುದೇ ಚಿನ್ನವೆಂದು ಹಿಗ್ಗುವವನನ್ನು ನೋಡಿ ಪಾಳಿಯ ಕಾರ್ಮಿಕರು ನಗುತ್ತಾರೆ. ಒಂದು ಟನ್ ಕಲ್ಲಿನಲ್ಲಿರುವ ಕೆಲವೇ ಗ್ರಾಂ ಲೋಹಕ್ಕಾಗಿ ಆ ಕಲ್ಲನ್ನೆಲ್ಲ ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ, ಇದ್ದಿಲಿಗೆ ಅಂಟಿಸಿ, ಅಲ್ಲಿಂದ ಬಿಡಿಸಿ, ಕೊನೆಗೆ ಮೂಸೆಯಲ್ಲಿ ಕಾಸಿ ಅಚ್ಚಿಗೆ ಹೊಯ್ಯಬೇಕು.

ಇಷ್ಟು ಶ್ರಮದ ಫಲವಾದ ಗಟ್ಟಿಗೆ ಬೆಲೆ ಹೇಳುವ ಅಧಿಕಾರ ಮಾತ್ರ ಗಣಿಗಿಲ್ಲ. ಲಂಡನ್ನಿನಲ್ಲಿ ದಿನಕ್ಕೆರಡು ಬಾರಿ ನಿಶ್ಚಯವಾಗುವ ದರ, ಡಾಲರಿನೆದುರು ರೂಪಾಯಿಯ ಮೌಲ್ಯ, ದೆಹಲಿ ವಿಧಿಸುವ ಆಮದು ಸುಂಕ, ಈ ಮೂರೂ ಕೂಡಿ ಹೇಳಿದ್ದೇ ಬೆಲೆ. ಸರ್ಕಾರದ್ದೇ ಆದ ಮೈಸೂರು ಸ್ಯಾಂಡಲ್ ಸಾಬೂನನ್ನು ಹೆಸರು ಹಿಡಿದು ಕೇಳಿ ಕೊಳ್ಳುವ ಗೃಹಸ್ಥನು, ಮಗಳ ಮದುವೆಗೆ ಸರ ಮಾಡಿಸುವಾಗ ಹಟ್ಟಿಯ ಚಿನ್ನವೇ ಬೇಕೆಂದು ಚಿನಿವಾರನೊಡನೆ ಹಠ ಹಿಡಿದುದನ್ನು ಕೇಳಿದವರುಂಟೆ? ಕರಗಿದ ಚಿನ್ನಕ್ಕೆ ಊರಿಲ್ಲ. ಆಭರಣದ ಹಾಲ್‌ಮಾರ್ಕ್ ಮುದ್ರೆ ಶುದ್ಧತೆಯನ್ನು ಹೇಳುತ್ತದೆ, ಹುಟ್ಟಿದ ನೆಲವನ್ನು ಹೇಳುವುದಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ 700–800 ಟನ್ ಚಿನ್ನವನ್ನು ಹೊರಗಿನಿಂದ ತರಿಸುವ ದೇಶದಲ್ಲಿ, ಒಂದೂವರೆ ಟನ್ನಿನ ಆಸುಪಾಸಿನ ಸ್ವದೇಶಿ ಉತ್ಪನ್ನಕ್ಕೆ ಗಿರಾಕಿಯ ಕೊರತೆಯೇನೂ ಇಲ್ಲ. ಕೊರತೆಯಿರುವುದು ಚೌಕಾಸಿಯ ಬಲಕ್ಕೆ.

ಈ ಪರಾಧೀನತೆಯ ಕಟುವಾದ ಅಧ್ಯಾಯವನ್ನು ಬರೆದುದು ಕೋಲಾರ. 1962ರಲ್ಲಿ ಆ ಗಣಿಗಳು ಕೇಂದ್ರದ ವಶಕ್ಕೆ ಹೋದ ಕಾಲದಲ್ಲಿ, ಅಲ್ಲಿನ ಚಿನ್ನವನ್ನು ಸರ್ಕಾರ ಕೊಳ್ಳುತ್ತಿದ್ದುದು ಔನ್ಸಿಗೆ 35 ಡಾಲರಿನಂತೆ, ಎಂದರೆ ತೊಲಕ್ಕೆ 62 ರೂಪಾಯಿ 50 ಪೈಸೆಯ ಅಂತರರಾಷ್ಟ್ರೀಯ ಅಧಿಕೃತ ದರದಲ್ಲಿ. ಚಿನಿವಾರಪೇಟೆಯಲ್ಲಿಯೋ ಅದರ ಇಮ್ಮಡಿ ಬೆಲೆ ನಡೆಯುತ್ತಿತ್ತು. ಅತಿ ಆಳದ, ಅತಿ ವೆಚ್ಚದ ಗಣಿಯೊಂದು ತನ್ನ ಚಿನ್ನವನ್ನು ಅರ್ಧ ಬೆಲೆಗೆ ಮಾರುವಂತೆ ನಿರ್ಬಂಧಿಸಿ, ಆಮೇಲೆ ಅದಕ್ಕೆ ನಷ್ಟದ ಉದ್ಯಮವೆಂಬ ಹಣೆಪಟ್ಟಿ ಹಚ್ಚಿದ್ದು ನ್ಯಾಯವಾಗಿ ತೋರುವುದಿಲ್ಲ. ಅದಿರು ಬಡವಾದುದೂ ಆಳ ಹೆಚ್ಚಿದುದೂ ನಿಜವೇ; ಆದರೆ ಒಳ್ಳೆಯ ದಿನಗಳಲ್ಲಿ ಕೂಡಿಡಬಹುದಾಗಿದ್ದ ಬಂಡವಾಳ ಸೋರಿಹೋದುದು ನೆಲದ ದೋಷದಿಂದಲ್ಲ. ಉಳಿದುದು 3 ಕೋಟಿ ಟನ್ನಿಗೂ ಮಿಕ್ಕ ಸೈನೈಡ್ ದಿಬ್ಬ. ಬೇಸಗೆಯ ಗಾಳಿಗೆ ಅದರ ಧೂಳನ್ನು ಊರಿನವರು ಇಂದಿಗೂ ಉಸಿರಾಡುತ್ತಾರೆ.

ಇಂದಿನ ಹಟ್ಟಿಯ ಕಾಲಕ್ಕೆ ಆ ಬಲವಂತದ ದರ ತೊಲಗಿ, ಅದರ ಸ್ಥಾನಕ್ಕೆ ಸುಂಕ ಬಂದಿದೆ. ಆಮದು ಸುಂಕವು ಕೊಳ್ಳುವವರಿಗೆ ಭಾರವಾದರೂ ದೇಶದೊಳಗಿನ ಗಣಿಗೆ ಒಂದು ರಕ್ಷಣೆ. 2024ರ ಜುಲೈ ಬಜೆಟ್ಟಿನಲ್ಲಿ ಅದು ಶೇ 15ರಿಂದ ಶೇ 6ಕ್ಕೆ ಇಳಿದೊಡನೆ ಹತ್ತು ಗ್ರಾಮಿನ ಬೆಲೆ ಕೆಲವು ಸಾವಿರ ರೂಪಾಯಿ ಕುಸಿಯಿತು. ಕಳ್ಳಸಾಗಣೆಯನ್ನು ತಡೆಯಲು ಕೈಗೊಂಡ ಆ ಕ್ರಮ ಯುಕ್ತವೇ ಆಗಿದ್ದರೂ, ಗಣಿಯೊಳಗೆ ಒಂದು ಕಲ್ಲೂ ಅಲುಗದೆ ಅದರ ಉತ್ಪನ್ನದ ಬೆಲೆ ತಗ್ಗಿತು. ಲೋಕದ ದರ ಮತ್ತೆ ಏರಿದುದರಿಂದ ಆ ಪೆಟ್ಟು ಕಾಣದೆ ಹೋಯಿತಷ್ಟೆ.

ಗಣಿ ಸರ್ಕಾರಕ್ಕೆ ಕಟ್ಟುವ ರಾಜಧನದ ಲೆಕ್ಕ ಇದಕ್ಕಿಂತಲೂ ಸೂಕ್ಷ್ಮ. 2014ರಲ್ಲಿ ಲಂಡನ್ ದರದ ಶೇ 4ಕ್ಕೆ ಏರಿದ ಅದನ್ನು ಕೈಗೆ ಬಂದ ಚಿನ್ನದ ಮೇಲಲ್ಲ, ತೆಗೆದ ಅದಿರಿನೊಳಗಿರುವ ಚಿನ್ನದ ಮೇಲೆ ಕಟ್ಟಬೇಕು. ದಿಬ್ಬದ ಪಾಲಾದ ಕಣಕ್ಕೂ ರಾಜಧನ ತಪ್ಪದು.

ಹೊಸ ಗಣಿಗಳೇಕೆ ಏಳುತ್ತಿಲ್ಲವೆಂಬುದಕ್ಕೆ 2015ರ ಕಾನೂನು ತಿದ್ದುಪಡಿಯಲ್ಲಿ ಅರ್ಧ ಉತ್ತರ ಸಿಗುತ್ತದೆ. ಅಲ್ಲಿಂದೀಚೆಗೆ ಗಣಿ ಗುತ್ತಿಗೆ ಹರಾಜಿನಿಂದಲೇ ದೊರೆಯಬೇಕಾದುದರಿಂದ, ಸ್ವಂತ ಹಣ ಸುರಿದು ನಿಕ್ಷೇಪವನ್ನು ಹುಡುಕಿದವನಿಗೇ ಗಣಿ ಸಿಗುವುದೆಂಬ ಭರವಸೆ ಇಲ್ಲವಾಯಿತು. ಕಬ್ಬಿಣದ ಅದಿರಿನಂತೆ ಗುಡ್ಡವೇ ಎದುರಿಗಿರುವಲ್ಲಿ ಹರಾಜು ಪ್ರಾಮಾಣಿಕತೆಯ ಮಾರ್ಗವೆಂಬುದನ್ನು ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಕಂಡ ನಾವು ಅಲ್ಲಗಳೆಯಲಾರೆವು. ಆದರೆ ಕೊರೆದ ರಂಧ್ರಗಳಲ್ಲಿ ಬಹುಪಾಲು ಬರಿದಾಗುವ ಚಿನ್ನದ ಶೋಧಕ್ಕೂ ಅದೇ ನಿಯಮವನ್ನು ಹೊಂದಿಸಿದುದು ವಿವೇಕವಲ್ಲ. 2023ರಲ್ಲಿ ಚಿನ್ನ, ಬೆಳ್ಳಿಯೂ ಸೇರಿದಂತೆ 29 ಖನಿಜಗಳಿಗೆ ಶೋಧನಾ ಪರವಾನಗಿಯನ್ನು ಸೃಷ್ಟಿಸಿ, ಮುಂದೆ ಗಣಿ ಹಿಡಿದವನು ಕಟ್ಟುವ ಹರಾಜು ಹಣದಲ್ಲಿ ಶೋಧಕನಿಗೆ 50 ವರ್ಷ ಪಾಲು ಕೊಡಲು ಕೇಂದ್ರ ಒಪ್ಪಿದೆ. ಆ ಪಾಲನ್ನು ನಂಬಿ ಚಿನ್ನ ಹುದುಗಿರುವ ಧಾರವಾಡ ಶಿಲಾಪಟ್ಟಿಗಳಿಗೆ ಕೊರೆಯುವ ಯಂತ್ರಗಳನ್ನು ತರುವವರು ಎಷ್ಟು ಮಂದಿಯೆಂಬುದರ ಮೇಲೆ, ಹಟ್ಟಿಗೆ ಜೊತೆಗಾರ ಗಣಿಗಳು ಹುಟ್ಟುವುದೂ ಹುಟ್ಟದಿರುವುದೂ ನಿಂತಿದೆ.