ನಿಮ್ಮ ಮನೆಯ ಅಶೋಕ ನಿಜವಾದ ಅಶೋಕವೇ?

ನಗರದ ಬಡಾವಣೆಗಳಲ್ಲಿ ಕಾಂಪೌಂಡಿನ ಉದ್ದಕ್ಕೂ ಕಂಬದಂತೆ ನೆಟ್ಟಗೆ ನಿಂತ ಮರಗಳನ್ನು ನಾವೆಲ್ಲ ಅಶೋಕವೆಂದೇ ಕರೆಯುತ್ತೇವೆ. ವಾಸ್ತವವಾಗಿ ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಪಾಲಿಯಾಲ್ಥಿಯಾ. ರಾಮಾಯಣದಲ್ಲಿ ಸೀತೆಗೆ ನೆರಳಾದ, ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದಲ್ಲಿ ಚೆಲುವೆಯ ಪಾದಸ್ಪರ್ಶಕ್ಕೆ ಕಾದು ನಿಂತ ಅಶೋಕವೇ ಬೇರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಸರಾಕಾ ಅಶೋಕ. ಹುಣಸೆ, ಹೊಂಗೆಗಳ ಬಳಗದ್ದು.

ಇವೆರಡನ್ನು ಗುರುತಿಸುವುದು ಕಷ್ಟವಲ್ಲ. ನಿಜವಾದ ಅಶೋಕ ಹರಡಿಕೊಂಡು ಬೆಳೆಯುವ ಮಧ್ಯಮ ಗಾತ್ರದ ನಿತ್ಯಹರಿದ್ವರ್ಣ ಮರ. ಚಿಗುರೆಲೆಗಳು ತಾಮ್ರವರ್ಣದಲ್ಲಿ ಜೋಲುತ್ತವೆ. ವಸಂತದಲ್ಲಿ ರೆಂಬೆ, ಕಾಂಡಗಳ ಮೇಲೆಯೇ ಗೊಂಚಲಾಗಿ ಅರಳುವ ಹೂಗಳು ಕಿತ್ತಳೆ-ಹಳದಿಯಿಂದ ಕ್ರಮೇಣ ಕೆಂಪಿಗೆ ತಿರುಗುತ್ತವೆ. ವಿಶೇಷವೆಂದರೆ ಈ ಹೂವಿಗೆ ದಳಗಳೇ ಇಲ್ಲ. ದಳದಂತೆ ಕಾಣುವುದು ಬಣ್ಣ ತಳೆದ ಪುಷ್ಪಪಾತ್ರೆ.

ಪಶ್ಚಿಮಘಟ್ಟದ ತಂಪು ಕಾಡು, ಹಳ್ಳದ ದಂಡೆಗಳು ಇದರ ನೆಲೆ. ಸ್ತ್ರೀರೋಗಗಳಿಗೆ ಆಯುರ್ವೇದದಲ್ಲಿ ಬಳಸುವ ಅಶೋಕಾರಿಷ್ಟಕ್ಕೆ ಇದರ ತೊಗಟೆಯೇ ಮುಖ್ಯ. ಸುತ್ತಲೂ ತೊಗಟೆ ಸುಲಿದರೆ ಮರ ಸಾಯುತ್ತದೆ. ಹೀಗೆ ಸಂತತಿ ಕ್ಷೀಣಿಸಿದ ಪರಿಣಾಮ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 1998ರಲ್ಲಿ ಇದನ್ನು ಅಪಾಯದ ಅಂಚಿಗೆ ಸರಿಯುತ್ತಿರುವ ಪ್ರಭೇದವೆಂದು ದಾಖಲಿಸಿತು. ತೊಗಟೆಯ ಕೊರತೆಯಿಂದಾಗಿ ಪಾಲಿಯಾಲ್ಥಿಯಾದ ತೊಗಟೆಯನ್ನು ಬೆರೆಸುವ ವಂಚನೆಯೂ ನಡೆಯುತ್ತಿದೆ.

ಮನೆಯಂಗಳದಲ್ಲಿ ಇದನ್ನು ಬೆಳೆಸಲು ಹೆಚ್ಚಿನ ಆರೈಕೆ ಬೇಕಿಲ್ಲ, ತಾಳ್ಮೆ ಬೇಕು. ಬೀಜವನ್ನು ಕೂಡಿಟ್ಟರೆ ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ಆದ್ದರಿಂದ ಬಲಿತ ಕಾಯಿಯಿಂದ ತೆಗೆದ ಹೊಸ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಕೂಡಲೇ ಬಿತ್ತಬೇಕು. ಸಸಿಗಾಗಿ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ವಿಚಾರಿಸಬಹುದು. ಆದರೆ 'ಅಶೋಕ' ಎಂದಷ್ಟೇ ಕೇಳದೆ 'ಸೀತಾ ಅಶೋಕ' ಎಂದು ಸ್ಪಷ್ಟಪಡಿಸಿ.

ಮಳೆಗಾಲದ ಆರಂಭದಲ್ಲಿ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ಸಸಿ ನೆಡಿ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳದ, ಅರೆನೆರಳಿನ ಜಾಗ ಉತ್ತಮ. ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿ ತೇವ ಕಾಯ್ದುಕೊಳ್ಳಿ, ಆದರೆ ನೀರು ನಿಲ್ಲಲು ಬಿಡಬೇಡಿ. ಬಯಲುಸೀಮೆಯಲ್ಲಿ ಮೊದಲ ಎರಡು-ಮೂರು ಬೇಸಿಗೆಗಳಲ್ಲಿ ತಪ್ಪದೆ ನೀರುಣಿಸುವುದು ಅಗತ್ಯ.

ಹೂವಿಗಾಗಿ ಕೆಲವು ವರ್ಷ ಕಾಯಬೇಕಾಗುತ್ತದೆ. ಆದರೆ ಒಮ್ಮೆ ಅರಳಿದರೆ ಆ ಮರ ಅಂಗಳದ ಅಲಂಕಾರವಷ್ಟೇ ಆಗಿ ಉಳಿಯದು; ಕಾಡಿನಲ್ಲಿ ವಿರಳವಾಗುತ್ತಿರುವ ಸಂತತಿಯೊಂದಕ್ಕೆ ಬೀಜದ ಆಸರೆಯೂ ಆಗುತ್ತದೆ.