ಶಿಕಾರಿಪುರ 102

ಎಂ.ಎ. ಇತಿಹಾಸದ ಮೊದಲ ವರ್ಷ ನಮಗೆ ಓದಲು ಹೇಳಿದ್ದು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ, ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಗ್ರಹ. ಶಿವಮೊಗ್ಗದಲ್ಲಿ ಜೆರಾಕ್ಸ್ ಮಾಡಿಸಿ, ಆ ಭಾರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಬಂದೆ. ಅಂದು ರಾತ್ರಿ ಊಟದ ಹೊತ್ತಿಗೆ ನನಗೆ ಅಳುವೇ ಬಂದಿತ್ತು.

ಒಂದೇ ಶಾಸನ ಪುಸ್ತಕದ ಮೂರು ಕಡೆ ಇದೆ: ರೋಮನ್ ಲಿಪಿಯಲ್ಲೊಮ್ಮೆ, ಇಂಗ್ಲಿಷ್ ಅನುವಾದದಲ್ಲೊಮ್ಮೆ, ಕನ್ನಡ ಲಿಪಿಯಲ್ಲಿ ಮತ್ತೊಮ್ಮೆ. ಮೂರನ್ನೂ ಜೋಡಿಸುವುದು ತಾಲ್ಲೂಕಿನ ಹೆಸರು, ಒಂದು ಸಂಖ್ಯೆ. ನಮ್ಮೂರನ್ನು ಹುಡುಕಿದರೆ ಭದ್ರಾವತಿ ಎಂಬ ಭಾಗವೇ ಇಲ್ಲ. ಊರಿನ ಹಳೆಯ ಹೆಸರು ಬೆಂಕಿಪುರ. ಈಗ ದಾವಣಗೆರೆಗೆ ಸೇರಿರುವ ಚನ್ನಗಿರಿ, ಹೊನ್ನಾಳಿ ಈ ಸಂಪುಟದಲ್ಲಿವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ಬೇಕಾದರೆ ಎಂಟನೆಯ ಸಂಪುಟಕ್ಕೆ ಹೋಗಬೇಕು. ಇಷ್ಟನ್ನಾದರೂ ತರಗತಿಯಲ್ಲಿ ಹೇಳಬಹುದಿತ್ತು. ‘ಓದಿಕೊಂಡು ಬನ್ನಿ’ ಎಂದಿದ್ದರು, ಅಷ್ಟೆ. ಆ ಸಿಟ್ಟು ನನಗೆ ಇಂದಿಗೂ ಇದೆ.

ಅಪ್ಪ ಪೇಪರ್ ಮಿಲ್ಲಿನ ಸ್ಟೋರಿನಲ್ಲಿ ಕೆಲಸಕ್ಕಿದ್ದವರು. ನಾಲ್ಕು ಹಾಳೆ ಮಗುಚಿ ನೋಡಿ, ‘ಇದು ಕಥೆ ಪುಸ್ತಕ ಅಲ್ಲ ಕಣೆ, ಲೆಡ್ಜರು. ಯಾರು ಕೊಟ್ಟರು, ಯಾರಿಗೆ, ಏನು, ಎಷ್ಟು, ಯಾವ ದಿನ, ಅದನ್ನ ಹುಡುಕು. ಮೇಲಿಂದ ಓದ್ತಾ ಕೂತ್ಕೋಬೇಡ’ ಅಂದರು.

ದಾನಶಾಸನಗಳ ಮಟ್ಟಿಗೆ ಅಪ್ಪನ ಮಾತು ನೂರಕ್ಕೆ ನೂರು ನಿಜ. ಆರಂಭದ ದೇವತಾಸ್ತುತಿ, ಸಾಲುಸಾಲು ಬಿರುದುಗಳಲ್ಲಿ ನಾನು ಸಿಕ್ಕಿಬಿದ್ದಿದ್ದೆ. ಅವನ್ನು ದಾಟಿದರೆ ಕಾಲ ಸಿಗುತ್ತದೆ. ಶಕವರ್ಷಕ್ಕೆ 78 ಕೂಡಿದರೆ ಹೆಚ್ಚುಕಡಿಮೆ ಇಸವಿ. ಸಂವತ್ಸರದ ಹೆಸರೊಂದೇ ಇದ್ದರೆ ಸಾಲದು, ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಆಮೇಲೆ ಕೊಟ್ಟವರು, ಪಡೆದವರು, ಮತ್ತರು, ಕಮ್ಮಗಳಲ್ಲಿ ಭೂಮಿಯ ಅಳತೆ, ಗದ್ಯಾಣ, ಪಣಗಳಲ್ಲಿ ಹಣ, ಗದ್ದೆಯ ಎಲ್ಲೆ. ಕೊನೆಗೆ, ಕೊಟ್ಟಿದ್ದನ್ನು ಕಿತ್ತುಕೊಂಡವನಿಗೆ ಶಾಪ. ಒಂದು ವಾರ ಹೀಗೆ ಓದಿದ ಮೇಲೆ ಪುಟಗಳು ಬಿಡಿಸಿಕೊಂಡವು. ಈಗ ನಾನೇ ಪಾಠ ಹೇಳುವಾಗ ಮೊದಲು ಈ ಪ್ರಶ್ನೆಗಳ ಒಂದು ಹಾಳೆ ಕೊಡುತ್ತೇನೆ, ಶಾಸನ ಆಮೇಲೆ.

ಹಾಗೆ ಓದುತ್ತಲೇ ಶಿಕಾರಿಪುರ 102ಕ್ಕೆ ಬಂದೆ. ಬಳ್ಳಿಗಾವಿಯ ಕೋಡಿಯ ಮಠದ್ದು, ಬಿಜ್ಜಳನ ಕಾಲದ್ದು, 1162ರದ್ದು. ಮಠದಲ್ಲಿ ಏನೇನು ನಡೆಯುತ್ತಿತ್ತು ಎಂಬ ಪಟ್ಟಿ ಅದರಲ್ಲಿದೆ. ವೇದಗಳನ್ನು ಕಲಿಯುವವರಿದ್ದಾರೆ, ಪಾಣಿನಿ, ಶಾಕಟಾಯನರ ವ್ಯಾಕರಣ, ಸಾಂಖ್ಯ, ಬೌದ್ಧ ಮೊದಲಾದ ದರ್ಶನಗಳನ್ನು ಓದುವವರಿದ್ದಾರೆ. ಅಷ್ಟಕ್ಕೇ ನಿಲ್ಲುವುದಿಲ್ಲ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅನ್ನ. ರೋಗಿಗಳಿಗೆ ಔಷಧ. ಹೆದರಿ ಬಂದವರಿಗೆ ಅಭಯ.

ಅಡುಗೆಮನೆಗೆ ಓಡಿ ಅಮ್ಮನಿಗೂ ಕೇಳುವಂತೆ ಗಟ್ಟಿಯಾಗಿ ಓದಿದೆ. ಅಪ್ಪ ಟೀವಿ ಆರಿಸಿ ಬಂದು, ‘ಆ ಊಟದ್ದು ಇನ್ನೊಂದ್ಸಲ ಓದು’ ಅಂದರು.